ನರಕದ ಹೆಸರಿನ ಗಿಡ

ಮಹಾಬಳೇಶ್ವರದ ಕಡೆಯ ಕಾಡುಗಳಲ್ಲಿ ಒಂದು ಸಣ್ಣ ಮರ ಬೆಳೆಯುತ್ತದೆ. ಮರಾಠಿಯವರು ಅದನ್ನು ‘ನರಕ್ಯಾ’ ಎನ್ನುತ್ತಾರೆ. ಹೂವಿನ ನಾತ ಅಂಥದ್ದು. ಅದೇ ಮರಕ್ಕೆ ಅದೇ ಮರಾಠಿಯಲ್ಲಿ ‘ಅಮೃತಾ’ ಎಂಬ ಹೆಸರೂ ಉಂಟು. ನಮ್ಮ ಕನ್ನಡದಲ್ಲಿ ಇಷ್ಟೆಲ್ಲ ಸುತ್ತುಬಳಸಿಲ್ಲ, ದುರ್ವಾಸನೆ ಮರ ಅಂದುಬಿಟ್ಟಿದ್ದಾರೆ. ಪುಸ್ತಕದ ಹೆಸರು ನೋತಾಪೊಡೈಟಿಸ್ ನಿಮ್ಮೋನಿಯಾನಾ. ಮುಂಬೈ ಸುತ್ತಲಿನ ಸಸ್ಯಗಳ ಪಟ್ಟಿ ಮಾಡುತ್ತಿದ್ದ ಜಾನ್ ಗ್ರಹಾಂ ಎಂಬ ಅಂಚೆ ಇಲಾಖೆಯ ಅಧಿಕಾರಿ, ತನ್ನ ಗೆಳೆಯ ನಿಮ್ಮೋನ ನೆನಪಿಗೆ ಇಟ್ಟದ್ದು. ಗ್ರಹಾಂ 1839ರಲ್ಲಿ ಖಂಡಾಲಾದಲ್ಲಿ ತೀರಿಕೊಂಡ, ಅರ್ಧಕ್ಕೆ ನಿಂತ ಪಟ್ಟಿಯನ್ನು ಆ ನಿಮ್ಮೋನೇ ಮುಗಿಸಿದ. ಪುಣೆ-ಮುಂಬೈ ಓಡಾಡುವ ನಾವು ಖಂಡಾಲಾದಲ್ಲಿ ಚಿಕ್ಕಿ ಕೊಳ್ಳುತ್ತೇವೆ, ಇದು ಯಾರಿಗೆ ಗೊತ್ತಿರುತ್ತದೆ!

ನನಗೂ ಇದೆಲ್ಲ ಬೇಕಾದದ್ದು ಅತ್ತಿಯ ಕಾರಣಕ್ಕೆ. ಖಾನಾಪುರ ತಾಲೂಕಿನ ನನ್ನ ಸೋದರತ್ತಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ವರ್ಷದೊಳಗೆ ಯಕೃತ್ತಿನಲ್ಲಿ ಗಂಟುಗಳು ಕಾಣಿಸಿಕೊಂಡವು. ಪುಣೆಯಲ್ಲಿ ನಾವಿದ್ದೇವಲ್ಲ ಎಂದು ಕೋಥರೂಡಿನ ನಮ್ಮ ಮನೆಗೇ ಕರೆದುಕೊಂಡು ಬಂದೆವು. ಎರಡು ವಾರಕ್ಕೊಮ್ಮೆ ಕೀಮೋ. ಅದರಲ್ಲಿ ಒಂದು ಬಾಟಲಿ ತಿಳಿ ಹಳದಿ, ಒಂದೂವರೆ ತಾಸು ಹನಿಯುತ್ತದೆ. ಹೆಸರು ಇರಿನೋಟಿಕಾನ್.

ಎರಡನೇ ಸರದಿ ಮುಗಿದು ಅತ್ತಿ ನೆಲ ಹಿಡಿದಾಗ ಊರಿನಿಂದ ಅವಳ ಮೈದುನನ ಮಗ ಒಂದು ಡಬ್ಬಿ ತಂದ. ಯಾವುದೋ ತೊಗಟೆಯ ಪುಡಿ. ಮಲೆನಾಡಿನ ಕಡೆ ಯಾರೋ ಕೊಡುತ್ತಾರಂತೆ, ಹಾಲಿನಲ್ಲಿ ಕುದಿಸಿ ಕುಡಿಯಬೇಕಂತೆ. “ಈ ಇಂಗ್ಲಿಷ್ ಕೆಮಿಕಲ್ ಸಾಕು ಮಾಡ್ರಿ, ಗಿಡಮೂಲಿಕೆ ಚಾಲೂ ಮಾಡೋಣು” ಅಂದ. ಒಳ್ಳೆಯ ಹುಡುಗ, ಕಾಳಜಿಯಿಂದಲೇ ತಂದಿದ್ದ. ಡಾಕ್ಟರು ಮಾತ್ರ ಮೊದಲ ದಿನವೇ ಹೇಳಿದ್ದರು, ಕೀಮೋ ನಡೆಯುವಾಗ ಯಾವ ಕಷಾಯವೂ ಬೇಡ. ಮನೆಯಲ್ಲಿ ಎರಡು ಪಕ್ಷವಾಯಿತು. ಅತ್ತಿ ಡಬ್ಬಿಯನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಳು.

ಒಂದು ರಾತ್ರಿ ಕೇಳಿದಳು: “ಆ ಹಳದಿ ನೀರು ಯಾತರದ್ದೋ ತಮ್ಮಾ?”

ಓದಿ ಇಟ್ಟಿದ್ದೆ. “ಅದೂ ಗಿಡದ್ದ ಅತ್ತಿ” ಅಂದೆ.

“ಹಂಗಾದ್ರ ಅದೂ ಗಿಡದ್ದು, ಇದೂ ಗಿಡದ್ದು. ಅದನ್ನ ಚುಚ್ಚಿಸ್ಕೋ ಅಂತೀ, ಇದನ್ನ ಕುಡೀಬ್ಯಾಡ ಅಂತೀ!”

ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ನಾಲ್ಕು ಸಂಜೆ ಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆಯುತ್ತೇನೆ.

ಕಥೆ ಶುರುವಾಗುವುದು ಚೀನಾದ ಒಂದು ಮರದಿಂದ, ಕ್ಯಾಂಪ್ಟೊಥೆಕಾ. ಚೀನೀ ಹೆಸರಿನ ಅರ್ಥ ‘ಸಂತೋಷದ ಮರ’. 1950ರ ದಶಕದಲ್ಲಿ ಅಮೆರಿಕದವರು ಕಾರ್ಟಿಸೋನ್ ತಯಾರಿಸಲು ಸಸ್ಯಗಳನ್ನು ಜಾಲಾಡುತ್ತಿದ್ದಾಗ ಅದರ ಸಾರವೂ ಪ್ರಯೋಗಾಲಯ ಸೇರಿತು. ಕಾರ್ಟಿಸೋನಿಗೆ ಉಪಯೋಗ ಬೀಳಲಿಲ್ಲ, ಇಲಿಗಳ ಕ್ಯಾನ್ಸರಿಗೆ ಬಿತ್ತು. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅದರಿಂದ ಕ್ಯಾಂಪ್ಟೊಥೆಸಿನ್ ಎಂಬ ಅಣುವನ್ನು ಬೇರ್ಪಡಿಸಿದರು. ಈ ವಾಣಿ ಹುಟ್ಟಿದ್ದು ನಮ್ಮದೇ ಮಹಾರಾಷ್ಟ್ರದ ನಂದುರಬಾರಿನಲ್ಲಿ. ಇನ್ನೊಂದು ದೊಡ್ಡ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಕೂಡ ಇದೇ ಇಬ್ಬರ ಶೋಧ. ನಂದುರಬಾರಿನಲ್ಲಿ ಅವರ ಹೆಸರಿನ ಒಂದು ಚೌಕವಾದರೂ ಇರಬೇಕಿತ್ತು ಅನ್ನಿಸುತ್ತದೆ.

1972ರಲ್ಲಿ ಮುಂಬೈ ಗೋರೆಗಾಂವದ ಸೀಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ಅಣು ನಮ್ಮ ನರಕ್ಯಾದಲ್ಲೂ ಇದೆ, ಚೀನಾದ ಮರಕ್ಕಿಂತ ಹೆಚ್ಚಾಗಿಯೇ ಇದೆ ಎಂದು ತೋರಿಸಿದರು. ಆಗ ಅದರ ಹೆಸರು ಮ್ಯಾಪಿಯಾ ಫೀಟಿಡಾ. ಫೀಟಿಡಾ ಅಂದರೂ ನಾತವೇ. ಯಾವ ಭಾಷೆಯೂ ಈ ಮರವನ್ನು ಬಿಟ್ಟಿಲ್ಲ.

ಇಲ್ಲಿಯವರೆಗೆ ಅತ್ತಿಗೆ ಖುಷಿ. “ನೋಡಿದ್ಯಾ, ನಮ್ಮ ಗುಡ್ಡದಾಗ ಇತ್ತು!” ಅಂದಳು. ಮುಂದಿನದನ್ನು ಹೇಳುವುದು ಕಷ್ಟವಿತ್ತು. ಯಾಕೆಂದರೆ ಗಿಡದಲ್ಲಿದ್ದಂತೆಯೇ ಆ ಅಣುವನ್ನು ಕೊಟ್ಟಾಗ ಅದು ರೋಗಿಗಳನ್ನು ಹಿಂಡಿಹಾಕಿತು. ಅದು ನೀರಿನಲ್ಲಿ ಕರಗುವುದಿಲ್ಲ. ಕರಗಲೆಂದು ಸೋಡಿಯಂ ಲವಣ ಮಾಡಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಗಂಟು ಕರಗಿದ್ದಕ್ಕಿಂತ ಮೂತ್ರಕೋಶದಲ್ಲಿ ರಕ್ತ ಬಂದದ್ದು, ಭೇದಿ ಹತ್ತಿದ್ದು ಹೆಚ್ಚಾಯಿತು. ಪ್ರಯೋಗ ನಿಲ್ಲಿಸಿದರು. ಹತ್ತು ವರ್ಷಕ್ಕೂ ಮಿಕ್ಕಿ ಆ ಅಣು ಹೆಚ್ಚುಕಡಿಮೆ ಕಪಾಟಿನಲ್ಲೇ ಇತ್ತು.

ಹೊರಗೆ ತಂದದ್ದು 1985ರ ಸುಮಾರಿಗೆ ಹೊಳೆದ ಒಂದು ಸಂಗತಿ. ಜೀವಕೋಶ ಒಡೆದು ಎರಡಾಗುವ ಮುನ್ನ ತನ್ನ ಡಿಎನ್‌ಎ ಎಳೆಯ ತಿರುಚು ಬಿಡಿಸಬೇಕು. ಹೆಣೆದ ಜಡೆಯ ಎರಡು ಎಳೆಗಳನ್ನು ಮಧ್ಯದಲ್ಲಿ ಎಳೆದರೆ ಮುಂದಿನ ಭಾಗ ಹೇಗೆ ಬಿಗಿಯಾಗುತ್ತದೋ, ಹಾಗೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ತಿರುಚು ಸಡಿಲಿಸಿ, ಮತ್ತೆ ಅಂಟಿಸುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಲು ಬಿಡುತ್ತದೆ, ಅಂಟಿಸಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ಸದಾ ಒಡೆಯುವ ಅವಸರದಲ್ಲಿರುವುದರಿಂದ ಅದಕ್ಕೇ ಪೆಟ್ಟು ಹೆಚ್ಚು. ಹೀಗೆ ಕೆಲಸ ಮಾಡುವ ಇನ್ನೊಂದು ವಸ್ತು ಆಗ ಗೊತ್ತಿರಲಿಲ್ಲ. ಆಮೇಲೆ ಅಣುವಿಗೆ ಒಂದು ಬಾಲ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡಿದರು, ದೇಹದೊಳಗೆ ಹೋದ ಮೇಲೆ ಬಾಲ ಕಳಚಿ ಎಸ್‌ಎನ್-38 ಎಂಬ ನಿಜವಾದ ಔಷಧ ಹೊರಬರುತ್ತದೆ. ಅದೇ ಇರಿನೋಟಿಕಾನ್. ಮಾಡಿದವರು ಜಪಾನಿನ ಯಾಕುಲ್ಟ್, ನಮ್ಮ ಫ್ರಿಜ್ಜುಗಳಲ್ಲಿರುವ ಆ ಪುಟ್ಟ ಮೊಸರಿನ ಬಾಟಲಿಯ ಯಾಕುಲ್ಟೇ. ಜಪಾನಿನಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಪರವಾನಗಿ ಸಿಕ್ಕಿತು.

ಅಲ್ಲಿಗೂ ಮುಗಿಯಲಿಲ್ಲ. ಈ ಅಣುವಿನ ತುದಿಯಲ್ಲಿ ಒಂದು ಉಂಗುರವಿದೆ. ಅದು ಮುಚ್ಚಿರುವವರೆಗೆ ಔಷಧ. ನಮ್ಮ ರಕ್ತ ತುಸು ಕ್ಷಾರೀಯವಾದ್ದರಿಂದ ಉಂಗುರ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದರೆ ಶಕ್ತಿ ಹೋಯಿತು. ಇದಕ್ಕೆ ದಾರಿ ಕಂಡದ್ದು ವೈದ್ಯಶಾಸ್ತ್ರದಲ್ಲಲ್ಲ, ವಸ್ತುವಿಜ್ಞಾನದಲ್ಲಿ. ಕೊಬ್ಬಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಮಾಡಿ, ಒಳಗೆ ಆಮ್ಲೀಯವಾಗಿಟ್ಟು, ಅದರಲ್ಲಿ ಔಷಧ ತುಂಬುವುದು. ಉಂಗುರ ಭದ್ರ, ರಕ್ತದಲ್ಲಿ ಓಡಾಡುವ ಸಮಯವೂ ಹೆಚ್ಚು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಇಂಥ ಇರಿನೋಟಿಕಾನ್ 2015ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅತ್ತಿಗೆ ಕೊಡುತ್ತಿದ್ದದ್ದು ಹಳೆಯ ಬಗೆಯೇ.

ಕಷಾಯ ಯಾಕೆ ಬೇಡ ಎನ್ನುವುದೂ ಇಲ್ಲೇ ಇತ್ತು. ಯಕೃತ್ತು ಈ ಔಷಧವನ್ನು ಒಂದು ಲೆಕ್ಕದಲ್ಲಿ ಬದಲಿಸಿ ಹೊರಹಾಕುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಲೆಕ್ಕ ನಿಧಾನ, ಅವರಿಗೆ ಡೋಸ್ ಇಳಿಸುತ್ತಾರೆ. ಹೊರಗಿನ ಮೂಲಿಕೆ ಬಂದರೂ ಲೆಕ್ಕ ತಪ್ಪಬಹುದು. ಯುರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ತೆಗೆದುಕೊಳ್ಳುತ್ತಾರೆ. ಇರಿನೋಟಿಕಾನ್ ಜೊತೆ ಅದನ್ನೂ ಕೊಟ್ಟು ನೋಡಿದಾಗ ರಕ್ತದಲ್ಲಿ ಎಸ್‌ಎನ್-38 ಶೇ. 42ರಷ್ಟು ಇಳಿದಿತ್ತು. 2002ರ ಅಧ್ಯಯನ, ಐದೇ ರೋಗಿಗಳು, ಆದರೆ ಇಳಿಕೆ ಸಣ್ಣದಲ್ಲ. ಡಬ್ಬಿಯ ಪುಡಿ ಏನು ಮಾಡುತ್ತದೆ ಎಂದು ಅಳೆದವರೇ ಇಲ್ಲ. “ಅಂದ್ರ ಅರ್ಧ ಔಷಧ ನೀರಿಗೆ ಹೋದಂಗ” ಎಂದು ಅತ್ತಿಯೇ ಲೆಕ್ಕ ಹಾಕಿದಳು. ಮರುದಿನ ಡಬ್ಬಿ ದಿಂಬಿನ ಪಕ್ಕದಿಂದ ದೇವರ ಕೋಣೆಗೆ ಹೋಯಿತು. ಎಸೆಯಲಿಲ್ಲ. ತಂದವನ ಮನಸ್ಸಿಗೂ ಒಂದು ಜಾಗ ಬೇಕಲ್ಲ.

‘ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು’ ಎಂಬ ವಾಟ್ಸ್ಯಾಪ್ ಸಂದೇಶಗಳನ್ನು ಕಂಡರೆ ನನಗೆ ಸಿಟ್ಟು. ಹಾಗೆಯೇ, ಎಲ್ಲವೂ ಕಾರ್ಖಾನೆಯಲ್ಲಿ ಹುಟ್ಟುತ್ತದೆ ಎನ್ನುವವರನ್ನು ಕಂಡರೂ. ಯಾಕೆಂದರೆ ಇಷ್ಟು ದೊಡ್ಡ ಔಷಧದ ಕಚ್ಚಾ ಮಾಲನ್ನು ಇವತ್ತಿಗೂ ಬಹುಪಾಲು ಮರಗಳೇ ಕೊಡಬೇಕು. ಬೇರಿನಲ್ಲಿ, ತೊಗಟೆಯಲ್ಲಿ ಅಂಶ ಜಾಸ್ತಿ. ಹಾಗಾಗಿ ನರಕ್ಯಾದ ಎಲೆ ಕಿತ್ತು ಬಿಡುವುದಿಲ್ಲ, ಬುಡಸಮೇತ ತೆಗೆಯುತ್ತಾರೆ. ಸಹ್ಯಾದ್ರಿಯಿಂದ ಚಕ್ಕೆ ಮಾಡಿ ಚೀಲಗಟ್ಟಲೆ ಸಾಗಿಸಿದ್ದಾರೆ. ದಕ್ಷಿಣ ಭಾರತದ ಅಪಾಯದಲ್ಲಿರುವ ಔಷಧಿ ಸಸ್ಯಗಳ ಕೆಂಪು ಪಟ್ಟಿಗೆ ಅದು ಸೇರಿ ಇಪ್ಪತ್ತು ವರ್ಷ ದಾಟಿತು.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ನಾನು ದಿನಾ ಆಫೀಸಿಗೆ ಹೋಗುವ ಪಾಷಾಣ ರಸ್ತೆಯಲ್ಲೇ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ನಾವೆಲ್ಲ ಎನ್‌ಸಿಎಲ್ ಅನ್ನುವುದು. ಅಲ್ಲಿಯ ಅಂಗಾಂಶ ಕೃಷಿ ವಿಭಾಗದವರು ಮರ ಕಡಿಯದೆ ಗಾಜಿನ ಪಾತ್ರೆಯಲ್ಲಿ ನರಕ್ಯಾದ ಕೋಶಗಳನ್ನು ಬೆಳೆಸಿ, ಅವುಗಳಲ್ಲಿ ಕ್ಯಾಂಪ್ಟೊಥೆಸಿನ್ ಎಷ್ಟು ಕೂಡುತ್ತದೆ ಎಂದು ಅಳೆದು 2003ರಲ್ಲಿ ಪ್ರಕಟಿಸಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಅವರ ತಂಡ ಪಶ್ಚಿಮ ಘಟ್ಟದುದ್ದಕ್ಕೂ ಮರ ಮರ ತಿರುಗಿ, ಯಾವ ಮರದಲ್ಲಿ ಅಂಶ ಹೆಚ್ಚು ಎಂದು ನೋಡಿತು. ಎಲ್ಲ ಮರಗಳೂ ಒಂದೇ ಅಲ್ಲ. ಹೆಚ್ಚು ಕೊಡುವ ಮರದ ಸಂತಾನ ಬೆಳೆಸಿದರೆ ಕಾಡಿನದಕ್ಕೆ ಕೈ ಹಾಕುವುದು ಕಡಿಮೆಯಾಗುತ್ತದೆ ಎಂಬ ಲೆಕ್ಕ. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಮರದೊಳಗೆ ವಾಸಿಸುವ ಒಂದು ಶಿಲೀಂಧ್ರವೂ ಈ ಅಣುವನ್ನು ತಯಾರಿಸುತ್ತದೆ ಎಂದರು. ಬೀರು ಕುದಿಸುವ ಹಾಗೆ ದೊಡ್ಡ ಪೀಪಾಯಿಯಲ್ಲಿ ಬೆಳೆಸಬಹುದಲ್ಲ ಎಂಬ ಆಸೆ ಹುಟ್ಟಿತು. ಆದರೆ ಇಂಥ ಶಿಲೀಂಧ್ರಗಳನ್ನು ಮರದಿಂದ ಬಿಡಿಸಿ ಪ್ರಯೋಗಾಲಯದಲ್ಲಿ ತಲೆಮಾರು ತಲೆಮಾರು ಬೆಳೆಸಿದಂತೆ ಅವು ಆ ಕೆಲಸ ಮರೆಯತೊಡಗಿದವು. ಊರು ಬಿಟ್ಟವರ ಮಕ್ಕಳು ಮಾತು ಮರೆಯುವ ಹಾಗೆ ಅಂತ ನನ್ನ ಹೆಂಡತಿ ಅಂದಳು. ನಮ್ಮ ಮನೆಯಲ್ಲಿ ಈ ವಿಷಯ ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತದೆ.

ಹನ್ನೆರಡು ಸರದಿ ಮುಗಿದವು. ಭೇದಿಯ ದಿನಗಳನ್ನು ಇಲ್ಲಿ ಬರೆಯುವುದು ಬೇಡ. ಯಕೃತ್ತಿನ ಗಂಟುಗಳು ಕುಗ್ಗಿವೆ, ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಗೆಂದು ಅತ್ತಿ ಊರಿನಿಂದ ಬಂದು ಹೋಗುತ್ತಾಳೆ.

ಹೋದ ವಾರ ಫೋನ್ ಮಾಡಿದ್ದಳು. ಆ ಗಿಡದ ಸಸಿ ಪುಣೆಯ ಯಾವುದಾದರೂ ನರ್ಸರಿಯಲ್ಲಿ ಸಿಗುತ್ತದೋ ನೋಡು, ಹಿತ್ತಲಲ್ಲಿ ಹಚ್ಚಬೇಕು ಎಂದಳು.

“ಅತ್ತಿ, ಹೂ ಬಿಟ್ರ ನಾತ ಹೊಡೀತದ ಅದು” ಅಂದೆ.

“ಹೊಡೀಲಿ ಬಿಡು. ಕಡಿಯಾಕ ಬಂದವರು ಮೂಗು ಮುಚ್ಚಿಕೊಂಡು ಹೊಳ್ಳಿ ಹೋಗ್ಲಿ.”