ರಷ್ಯನ್ ಭಾಷೆಯಲ್ಲಿ ‘ಅಹಿಂಸೆ’: ಹಿಟ್ಟಿನ ಹುಂಜ ಮತ್ತು ತಂಬೂರಿನ ರಂಟೆ

ಅಹಿಂಸೆ ಎಂಬ ಪದಕ್ಕೆ ರಷ್ಯನ್ ಭಾಷೆಯಲ್ಲಿ ಮುಖ್ಯವಾಗಿ ಮೂರು ರೂಪಗಳು ಬಳಕೆಯಲ್ಲಿವೆ. ಸಾಮಾನ್ಯ ಬರಹಗಳಲ್ಲಿ ಕಾಣುವುದು ‘ನೆನಸೀಲಿಯೆ’. ಭಾರತೀಯ ದರ್ಶನಗಳನ್ನು ಕುರಿತ ವಿವರಣೆಗಳಲ್ಲಿ ‘ನೆಪ್ರಿಚಿನೇನಿಯೆ ವ್ರೆದಾ’, ಅಂದರೆ ಕೇಡನ್ನು ಉಂಟುಮಾಡದಿರುವುದು, ಎಂಬ ಪದಪುಂಜ ಬರುತ್ತದೆ. ಮೂರನೆಯದು ಸಂಸ್ಕೃತ ಶಬ್ದವನ್ನೇ ಆ ಲಿಪಿಗೆ ಇಳಿಸಿಕೊಂಡ ‘ಅಖಿಂಸ’. ರಷ್ಯನ್ನಿನಲ್ಲಿ ನಮ್ಮ ಹಕಾರವಿಲ್ಲದ ಕಾರಣ ಖಕಾರಕ್ಕೆ ಹತ್ತಿರದ ಧ್ವನಿ ಅದರ ಸ್ಥಾನದಲ್ಲಿ ನಿಂತಿದೆ. ಈ ಮೂರರಲ್ಲಿ ಜೈನ ಪರಿಭಾಷೆಯ ಅರ್ಥವನ್ನು ಹೊರಬಲ್ಲದ್ದು ಯಾವುದು ಎಂಬುದು ವಿಚಾರಾರ್ಹ.

‘ನಸೀಲಿಯೆ’ ಎಂಬುದರ ಮೂಲದಲ್ಲಿ ‘ಸೀಲ’ ಎಂಬ ಪದವಿದೆ. ಅದರ ಅರ್ಥ ಬಲ. ಒಬ್ಬನು ಮತ್ತೊಬ್ಬನ ಮೇಲೆ ಬಲವನ್ನು ಪ್ರಯೋಗಿಸುವುದೇ ನಸೀಲಿಯೆ. ಬಲಾತ್ಕಾರ, ಅತ್ಯಾಚಾರಗಳನ್ನು ಹೇಳುವ ರಷ್ಯನ್ ಶಬ್ದಗಳೂ ಈ ಧಾತುವಿನಿಂದಲೇ ಹುಟ್ಟಿವೆ. ‘ಹಿಂಸೆ’ಯ ಹುಟ್ಟು ಬೇರೆ. ಆಧುನಿಕ ಭಾಷಾವಿಜ್ಞಾನಿಗಳು ‘ಹಿಂಸ್’ ಧಾತುವನ್ನು ‘ಹನ್’ ಧಾತುವಿನ ಇಚ್ಛಾರ್ಥಕ ರೂಪವೆಂದು ಊಹಿಸುತ್ತಾರೆ. ಹಾಗಾದರೆ ಅದರ ಮೊದಲ ಅರ್ಥ ಹೊಡೆತವಲ್ಲ, ಹೊಡೆಯಬೇಕೆಂಬ ಬಯಕೆ. ಜೈನಾಚಾರ್ಯರ ವ್ಯಾಖ್ಯೆಯೂ ಇದಕ್ಕೆ ದೂರವಾದುದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಆಗುವ ಪ್ರಾಣಹಾನಿಯನ್ನು ಹಿಂಸೆಯೆನ್ನುತ್ತದೆ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಒಳಗೆ ಹೋಗಿ, ರಾಗಾದಿ ಭಾವಗಳು ಹುಟ್ಟುವುದನ್ನೇ ಹಿಂಸೆಯೆಂದು ನಿರ್ಣಯಿಸುತ್ತಾರೆ.

ಟಾಲ್‌ಸ್ಟಾಯ್ ಅವರು ಬಳಸಿದ ಸೂತ್ರವಾದರೋ ‘ನೆಪ್ರೊತಿವ್ಲೇನಿಯೆ’, ಅಂದರೆ ಕೇಡನ್ನು ಬಲದಿಂದ ಎದುರಿಸದಿರುವುದು. ಯೇಸುವಿನ ಗಿರಿಪ್ರವಚನ ಅದಕ್ಕೆ ಆಧಾರ. 1908ರ ಡಿಸೆಂಬರಿನಲ್ಲಿ ಅವರು ತಾರಕನಾಥ ದಾಸರಿಗೆ ಬರೆದ ಪತ್ರವನ್ನು ಗಾಂಧೀಜಿ ಗುಜರಾತಿಗೆ ಅನುವಾದಿಸಿದರು. 1909–10ರಲ್ಲಿ ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು. ಗಾಂಧೀಜಿಗೆ ಜೈನ ಸಾಧಕ ಶ್ರೀಮದ್ ರಾಜಚಂದ್ರರ ಪ್ರಭಾವವೂ ಇತ್ತು. ಒಬ್ಬ ವ್ಯಕ್ತಿಯ ಬಾಳಿನಲ್ಲಿ ಎರಡು ಧಾರೆಗಳು ಕೂಡಿದ ಮಾತ್ರಕ್ಕೆ ಎರಡು ಪದಗಳ ಅರ್ಥ ಒಂದಾಗುವುದಿಲ್ಲ. ಶ್ರಾವಕನ ಮಟ್ಟಿಗೆ ಜೈನಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಆತ್ಮರಕ್ಷಣೆಗಾಗಿ ಎದುರಿಸುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕೆಂದು ವಿಧಿಸುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಗಂಗರ ಸೇನಾನಿಯೂ ಆಗಿದ್ದನೆಂಬುದನ್ನು ಟಾಲ್‌ಸ್ಟಾಯರ ಸೂತ್ರದಿಂದ ವಿವರಿಸಲಾಗದು.

ರಷ್ಯನ್ನರೊಳಗೇ ಈ ಪದದ ಬಗೆಗೆ ವಾದ ಎದ್ದಿತು. ಇವಾನ್ ಇಲ್ಯಿನ್ 1925ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟಾಲ್‌ಸ್ಟಾಯರನ್ನು ಖಂಡಿಸುತ್ತ, ಎಲ್ಲ ಬಲಪ್ರಯೋಗವನ್ನೂ ನಸೀಲಿಯೆ ಎನ್ನುವುದು ತಪ್ಪೆಂದು ವಾದಿಸಿದ. ಆದರೆ ಇಬ್ಬರೂ ಚರ್ಚಿಸಿದ್ದು ಬಲವನ್ನು. ಜೈನರ ಪ್ರಶ್ನೆ ಹುಟ್ಟುವುದು ಬಲ ಹೊರಬರುವುದಕ್ಕಿಂತ ಮೊದಲು, ಮನಸ್ಸಿನಲ್ಲಿ.

ಇದನ್ನು ಪರೀಕ್ಷಿಸಲು ಕನ್ನಡದಲ್ಲಿ ಒಂದು ಉತ್ತಮ ಒರೆಗಲ್ಲಿದೆ: ಜನ್ನನ ಯಶೋಧರಚರಿತೆ (1209). ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರ ದೇವತೆಯ ಮುಂದೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಲ್ಪಡುತ್ತಾರೆ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದೇ ಕಥೆಯನ್ನು ಎತ್ತಿಕೊಂಡರು.

ಈ ಕಥೆಯ ಪಕ್ಕದಲ್ಲಿ ಎರಡನೆಯ ಉದಾಹರಣೆಯಾಗಿ ಕಲಘಟಗಿ ತಾಲ್ಲೂಕಿನ ತಂಬೂರಿನ ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಳ್ಳಬಹುದು. ಅರೆಮಲೆನಾಡಿನ ಆ ನೆಲದಲ್ಲಿ ಮುಂಗಾರಿನ ಹದ ನೋಡಿ ಅವನು ರಂಟೆ ಹೊಡೆಯುತ್ತಾನೆ. ಎರೆಹುಳುಗಳು, ಇರುವೆಗೂಡುಗಳು ನೆಲದೊಡನೆ ಮಗುಚುತ್ತವೆ. ಜೀವಹಾನಿ ಆಗಿಯೇ ಆಗುತ್ತದೆ. ಆದರೆ ಕೊಲ್ಲಬೇಕೆಂಬ ಸಂಕಲ್ಪವಿಲ್ಲ. ಇದು ಉದ್ಯೋಗೀ ಹಿಂಸೆ. ದೋಷವಿಲ್ಲವೆಂದಲ್ಲ, ಜಾಗರೂಕತೆಯಿಂದ ಕಡಿಮೆ ಮಾಡಿಕೊಳ್ಳಬೇಕಾದ ದೋಷ. ಕೃಷಿಯನ್ನು ಲೋಕಕ್ಕೆ ಕಲಿಸಿದವನು ಆದಿದೇವನೇ ಎಂದು ಪುರಾಣಗಳು ಹೇಳುತ್ತವೆ. ಆ ಪರಂಪರೆಯನ್ನು 941ರಲ್ಲಿ ಆದಿಪುರಾಣವಾಗಿ ಕನ್ನಡಕ್ಕೆ ತಂದ ಪಂಪನ ತಾಯಿಯ ಕಡೆಯವರು ಇದೇ ಜಿಲ್ಲೆಯ ಅಣ್ಣಿಗೇರಿಯವರು.

ಈಗ ಇಬ್ಬರನ್ನೂ ರಷ್ಯನ್ ಪದಗಳ ತಕ್ಕಡಿಯಲ್ಲಿ ಇಟ್ಟು ನೋಡಬೇಕು. ನೆನಸೀಲಿಯೆಯ ಪ್ರಕಾರ ಇಬ್ಬರೂ ನಿರ್ದೋಷಿಗಳು: ಹಿಟ್ಟಿನ ಮೇಲೆ ಬಲಾತ್ಕಾರವೆಂಬುದಿಲ್ಲ, ಉಳುಮೆಯನ್ನು ಯಾರೂ ಬಲಾತ್ಕಾರವೆನ್ನುವುದಿಲ್ಲ. ‘ಕೇಡು ಉಂಟುಮಾಡದಿರುವಿಕೆ’ಯ ಪ್ರಕಾರ ಯಶೋಧರ ಪಾರಾಗುತ್ತಾನೆ, ಒಕ್ಕಲಿಗ ಸಿಕ್ಕಿಬೀಳುತ್ತಾನೆ. ಜೈನದೃಷ್ಟಿಯ ತೀರ್ಪು ಇದಕ್ಕೆ ನೇರ ವಿರುದ್ಧ. ಮೊದಲ ಅನುವಾದ ಪ್ರಶ್ನೆಯನ್ನೇ ಅಳಿಸಿಹಾಕುತ್ತದೆ; ಎರಡನೆಯದು ಉತ್ತರವನ್ನು ತಿರುಗುಮುರುಗಾಗಿಸುತ್ತದೆ. ನಿಘಂಟಿನಲ್ಲಿ ಸರಿಯೆನಿಸಿದ ಪದ ಕಥೆಯೊಳಗೆ ಕಾಲಿಟ್ಟಾಗ ಸೋಲುವುದು ಹೀಗೆ.

ಆದ್ದರಿಂದ ಯಶೋಧರಚರಿತೆಯಂಥ ಕೃತಿಯನ್ನು ರಷ್ಯನ್ನಿಗೆ ತರುವವರಿಗೆ ‘ಅಖಿಂಸ’ವೇ ಮೇಲಾದ ದಾರಿ. ಆದರೆ ಎರವಲು ಪದ ಬರಿಗೈಯಲ್ಲಿ ಹೋದರೆ ಓದುಗ ಅದರೊಳಗೆ ತನಗೆ ಪರಿಚಿತವಾದ ಟಾಲ್‌ಸ್ಟಾಯರನ್ನೇ ತುಂಬಿಕೊಳ್ಳುತ್ತಾನೆ. ಸಂಕಲ್ಪ, ಪ್ರಮಾದ ಎಂಬ ಎರಡು ಸಂಗಾತಿ ಪದಗಳ ವಿವರಣೆ ಅದರೊಡನೆ ಹೋಗಲೇಬೇಕು.

ಕನ್ನಡದ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಎಚ್ಚರಿಕೆಯಿದೆ. ‘ಮನಸ್ಸಿಗೆ ಹಿಂಸೆಯಾಯಿತು’ ಎಂದು ಮನೆಮಾತಿನಲ್ಲಿ ಸಹಜವಾಗಿ ಹೇಳುವವರು, ಅಹಿಂಸೆಯನ್ನು ವಿವರಿಸುವಾಗ ಮಾತ್ರ ಇಂಗ್ಲಿಷಿನ ‘ನಾನ್‌ವಯಲೆನ್ಸ್’ ಪದವನ್ನು ಹಿಡಿದು, ಹೊಡೆದಾಟವಿಲ್ಲದ ಹೋರಾಟಕ್ಕೆ ಅದನ್ನು ಸೀಮಿತಗೊಳಿಸುತ್ತಾರೆ. ಆ ಇಂಗ್ಲಿಷ್ ಪದವೂ ನೆನಸೀಲಿಯೆಯಂತೆ ಹೊರಗಿನ ಬಲವನ್ನೇ ನೋಡುತ್ತದೆ. ಆ ಕನ್ನಡಕದಿಂದ ಜನ್ನನನ್ನು ಓದಿದರೆ, ಹಿಟ್ಟನ್ನು ಕಡಿದವನಿಗೆ ಇಷ್ಟೊಂದು ಶಿಕ್ಷೆಯೇಕೆ ಎಂಬ ಪ್ರಶ್ನೆಗೆ ಕನ್ನಡದಲ್ಲಿಯೂ ಉತ್ತರ ಸಿಗುವುದಿಲ್ಲ.