ಆವತ್ತು ಬಿಟ್ಟ ಮಾತು

ನಮ್ಮ ಕದ್ರಿಯ ಜಗಲಿಗಳಲ್ಲಿ ಸಂಜೆ ಹೊತ್ತು ಯಾರಾದರೂ ಹಳೆಯ ವಿಷಯವೊಂದನ್ನು ಎತ್ತಿದರೆ, ಚಾ ಕುಡಿಯುತ್ತಿದ್ದವರಲ್ಲಿ ಒಬ್ಬರಾದರೂ "ಅದು ಆವತ್ತೇ ಮುಗಿದದ್ದಲ್ಲವಾ ಮಾರಾಯ್ರೆ, ಈಗ ಎಂತಕ್ಕೆ?" ಎಂದು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳುವವರ ಮೇಲೆ ನನಗೆ ಬೇಸರವಿಲ್ಲ; ಗುಡ್ಡೆ ಹತ್ತಿ ಇಳಿದು ಬಂದ ಕಾಲಿಗೆ, ಬಿಸಿಲಿಗೆ ಬೆವರಿದ ಮೈಗೆ ಹೊಸದಾಗಿ ಒಂದು ಚರ್ಚೆ ಬೇಡವೆನಿಸುವುದು ಸಹಜ. ಆದರೂ ನನ್ನ ಪಕ್ಷ ಎತ್ತಿದವರದು. ಮಾತು ನಿಲ್ಲುವುದು ಬೇರೆ, ಮುಗಿಯುವುದು ಬೇರೆ. ಮಳೆ ಬಂತು, ಕರೆಂಟು ಹೋಯಿತು, ಯಾರದೋ ಮನೆಗೆ ನೆಂಟರು ಬಂದರು ಎಂಬ ಕಾರಣಕ್ಕೆ ನಿಂತುಹೋದ ಮಾತುಗಳು ಈ ಊರಿನಲ್ಲಿ ಎಷ್ಟೋ ಉಂಟು. ಅವನ್ನು ಮತ್ತೆ ಎತ್ತಬಹುದು, ಎತ್ತಬೇಕು ಕೂಡ; ಆದರೆ ಅದಕ್ಕೊಂದು ಕ್ರಮ ಉಂಟು.

ನಮ್ಮ ಬೀದಿಯ ಹಿರಿಯರೊಬ್ಬರು ಟೆರೇಸಿನಲ್ಲಿ ಕುಂಡ ಇಟ್ಟು ಶಂಕರಪುರ ಮಲ್ಲಿಗೆ ಬೆಳೆಸಿದ್ದರು. ಗಿಡ ಸೊಂಪಾಗಿ ಬೆಳೆಯಿತು, ಎಲೆ ಹೊಳೆಯಿತು, ಮೊಗ್ಗು ಮಾತ್ರ ಇಲ್ಲ. ಸಲಹೆಗೆ ನಮ್ಮಲ್ಲಿ ಯಾವ ಕಾಲಕ್ಕೂ ಬರಗಾಲವಿಲ್ಲವಷ್ಟೆ. ಕಡ್ಲೆಹಿಂಡಿ ನೆನೆಸಿದ ನೀರು ಹಾಕಿ ಎಂದರು ಒಬ್ಬರು, ಹಟ್ಟಿಗೊಬ್ಬರ ಎಂದರು ಇನ್ನೊಬ್ಬರು, ಎಲೆ ಪೂರ್ತಿ ಸವರಿ ಎಂದರು ಮತ್ತೊಬ್ಬರು. ಒಂದು ಇಡೀ ಬೇಸಿಗೆ ಈ ಪುಷ್ಪಮೀಮಾಂಸೆಯಲ್ಲೇ ಕಳೆಯಿತು. ಆಮೇಲೆ ಮಳೆಗಾಲ ಬಂತು, ವಿಷಯ ಬಿದ್ದುಹೋಯಿತು. ವರ್ಷಗಳು ಕಳೆದು ಒಂದು ಸಂಜೆ ಅವರು ಬಾಳೆಎಲೆಯಲ್ಲಿ ಕಟ್ಟಿದ ಅಟ್ಟೆ ಮಲ್ಲಿಗೆ ಹಿಡಿದುಕೊಂಡು ಬಂದು, "ಆವತ್ತು ನೀವೆಲ್ಲ ಹೇಳಿದ್ದಿರಲ್ಲ, ಅದಲ್ಲ ಕಾರಣ. ಪಕ್ಕದ ಹಲಸಿನ ಮರದ ನೆರಳು. ಕೊಂಬೆ ಕಡಿಸಿದ ಮೇಲೆ ಬಿಸಿಲು ಬಿತ್ತು, ಹೂ ಬಂತು" ಎಂದರು. ಇಷ್ಟೇ. ನನ್ನ ಮಟ್ಟಿಗೆ ಹಳೆ ಮಾತು ಎತ್ತುವುದರಲ್ಲಿ ಇದಕ್ಕಿಂತ ಸಜ್ಜನಿಕೆ ಇನ್ನೊಂದಿಲ್ಲ. ನೂರು ಜನರ ಹತ್ತಿರ ಉಪಾಯ ಕೇಳಿ, ಕೆಲಸ ಆದ ಮೇಲೆ "ಸರಿಯಾಯಿತು" ಎಂದಷ್ಟೇ ಹೇಳಿ ಹೋಗುವವರು ಹೇಗೆ ಸರಿಯಾಯಿತೆಂಬುದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ನಾಳೆ ಅದೇ ಕಷ್ಟದಲ್ಲಿ ಬರುವ ಇನ್ನೊಬ್ಬನಿಗೆ ಸಲ್ಲಬೇಕಾದ ಉತ್ತರ ಅದು.

ಕಾನೂನಿಗೂ ಈ ಕ್ರಮ ಗೊತ್ತು. ನನ್ನ ನೆರೆಯ ವಕೀಲರು ಕೋರ್ಟಿನ ಕೋಟು ಕಳಚಿ ಬೈರಾಸು ಹೆಗಲಿಗೆ ಹಾಕಿಕೊಂಡ ಮೇಲೂ ಸಂಹಿತೆಯನ್ನು ಬಿಡುವವರಲ್ಲ. ಒಮ್ಮೆ ತೀರ್ಮಾನವಾದ ವ್ಯಾಜ್ಯವನ್ನು ಅದೇ ಪಕ್ಷಗಾರರು ಮತ್ತೆ ತರುವಂತಿಲ್ಲ ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಸೆಕ್ಷನ್ ಹೇಳುತ್ತದೆ. ಹಾಗೆಂದು ಅದೇ ಸಂಹಿತೆ ಬಾಗಿಲನ್ನು ಪೂರಾ ಮುಚ್ಚಿಬಿಡುವುದಿಲ್ಲ, 47ನೇ ಆದೇಶದಲ್ಲಿ ಪುನರ್ವಿಮರ್ಶೆಗೆ ಒಂದು ಸಂದು ಇಟ್ಟಿದೆ. ಎಷ್ಟು ಶ್ರದ್ಧೆಯಿಂದ ಹುಡುಕಿದರೂ ಆಗ ಕೈಗೆ ಸಿಗದಿದ್ದ ಹೊಸ, ಮುಖ್ಯವಾದ ಸಾಕ್ಷ್ಯವಿದ್ದರೆ ಬನ್ನಿ ಎನ್ನುತ್ತದೆ. ಕೈಸಾಲದ ದಾವೆಗೆ ಮೂರು ವರ್ಷದ ವಾಯಿದೆ. ಆದರೆ ಆ ಅವಧಿಯೊಳಗೆ ಸಾಲಗಾರ "ಹೌದು, ಕೊಡಲಿಕ್ಕುಂಟು" ಎಂದು ಬರೆದು ಸಹಿ ಹಾಕಿದನೋ, ಅಲ್ಲಿಂದ ಹೊಸದಾಗಿ ಮೂರು ವರ್ಷ ಎಣಿಕೆ ಶುರು. ಇದನ್ನೆಲ್ಲ ಕೇಳಿದಾಗ ನನಗೆ ತುಂಬ ಸಮಾಧಾನವಾಯಿತು. ಹೊಸದೇನಾದರೂ ತಂದವನಿಗೆ ಹಳೆಯದನ್ನು ತೆರೆಯುವ ಹಕ್ಕಿದೆ, ಬರಿಗೈಯಲ್ಲಿ ಬಂದವನಿಗಿಲ್ಲ. ಒಂದೂರಿನ ಜಗಲಿಗೂ ಇಷ್ಟು ನ್ಯಾಯ ಸಾಕು.

ಆದರೆ ಕೋರ್ಟಿಗಿಂತ ಮೊದಲೇ ಈ ಪಾಠ ನನಗೆ ಸಿಕ್ಕಿದ್ದು ಅಜ್ಜನ ಮನೆಯ ಚಾವಡಿಯಲ್ಲಿ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಹೆಂಚಿನ ಮೇಲೆ ಸುರಿಯುವ ಮಳೆ, ಎದುರುಬದುರು ಕೂತ ಅರ್ಥಧಾರಿಗಳು. ನಾವು ಮಕ್ಕಳು ಚಾಪೆಯ ಮೇಲೆ ಅರ್ಧ ನಿದ್ದೆಯಲ್ಲಿ ಬಿದ್ದಿರುತ್ತಿದ್ದೆವು, ಆದರೆ ಪ್ರಸಂಗ 'ವಾಲಿ ಮೋಕ್ಷ'ವಾದರೆ ನಿದ್ದೆ ಹಾರುತ್ತಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮ, ನನ್ನ ನಿನ್ನ ನಡುವೆ ಹಗೆ ಏನಿತ್ತು ಎಂದು ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ರಾಜಧರ್ಮ ಎಂದು ರಾಮ ಹೇಳುತ್ತಾನೆ. ವಾಲ್ಮೀಕಿಯ ಕಾಲದಿಂದ ನಡೆದು ಬಂದ ಈ ಜಗಳವನ್ನು ಪ್ರತಿ ಮಳೆಗಾಲದಲ್ಲೂ ಯಾರೋ ಇಬ್ಬರು ಹೊಸದಾಗಿ ಹೂಡುತ್ತಾರೆ, ಮತ್ತು ಸಭೆಯಲ್ಲಿ ಒಬ್ಬನೂ ಎದ್ದು "ಇದು ಹಳೆಯದು" ಎನ್ನುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಇಂಥ ಹಳೆಯ ವಾದಗಳಿಗೆ ಜೀವ ತುಂಬಿಯೇ ಊರೂರಿನ ಮನೆಮಾತಾದವರು.

ಹಳೆಯದೆಂದು ಯಾಕೆ ಅನ್ನಿಸುವುದಿಲ್ಲವೆಂದರೆ, ಒಳ್ಳೆಯ ಅರ್ಥಧಾರಿ ತನ್ನ ಮಾತು ಶುರುಮಾಡುವ ಮೊದಲು ಎದುರಾಳಿಯ ಮಾತನ್ನು ಎತ್ತಿಕೊಳ್ಳುತ್ತಾನೆ. ನೀನು ಹೇಳಿದ್ದು ಇಷ್ಟು, ಅದರ ಬಲ ಇಲ್ಲಿದೆ, ಈಗ ನನ್ನದನ್ನು ಕೇಳು. ಶಾಸ್ತ್ರಕಾರರು ಇದನ್ನೇ ಪೂರ್ವಪಕ್ಷ ಎಂದು ಕರೆದು ಸಿದ್ಧಾಂತಕ್ಕಿಂತ ಮೊದಲು ಕೂರಿಸಿದರು. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಿದ ಮೇಲೆ ಮಾತ್ರ ಖಂಡಿಸುವ ಯೋಗ್ಯತೆ. ಅಜ್ಜ ಎಲೆಅಡಿಕೆ ಹಾಕಿಕೊಳ್ಳುತ್ತ ಅರ್ಥಧಾರಿಗಳ ಗುಣದೋಷ ಹೇಳುವಾಗ ಮೊದಲು ನೋಡುತ್ತಿದ್ದದ್ದು ಇದನ್ನೇ: "ಅವ ಎದುರಿನವನದ್ದು ಕೇಳಿಸಿಕೊಂಡನಾ?"

ಇನ್ನು ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರನ ವಿಷಯ. ಮೂರು ಮುಖ, ಆರು ಕೈಗಳ ಆ ಕಂಚಿನ ವಿಗ್ರಹದ ಪೀಠದಲ್ಲಿ ಶಾಸನವಿದೆ, ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದು ತಿಳಿಸುತ್ತದೆ. ವಿಹಾರವೆಂದರೆ ಬೌದ್ಧರದು, ಲೋಕೇಶ್ವರನೆಂದರೆ ಬೋಧಿಸತ್ವ. ಆದರೆ ಅದೇ ಶಾಸನ ದೊರೆಯನ್ನು ಎಳೆಚಂದ್ರನನ್ನು ಮುಡಿದವನ ಪಾದಸೇವಕನೆಂದು, ಅಂದರೆ ಶಿವಭಕ್ತನೆಂದು ಬಣ್ಣಿಸುತ್ತದೆ. ಈ ಗಂಟನ್ನು ಬಿಚ್ಚಲು ಕೂತವರು ಸಣ್ಣವರಲ್ಲ. ಮಂಜೇಶ್ವರದ ಗೋವಿಂದ ಪೈಗಳು ಇದು ಬೌದ್ಧ ನೆಲೆಯಾಗಿತ್ತು, ಬೌದ್ಧಮತ ಇಳಿಮುಖವಾದ ಮೇಲೆ ಇಲ್ಲಿನವರು ನಾಥಪಂಥಕ್ಕೆ ಸೇರಿದರು ಎಂದರು. ತುಳುನಾಡಿನ ಇತಿಹಾಸ ಸಂಸ್ಕೃತಿಗಳ ಬಗ್ಗೆ 1975ರಲ್ಲಿ ಬೃಹದ್‌ಗ್ರಂಥ ತಂದ ಗುರುರಾಜ ಭಟ್ಟರು ದೊರೆಯ ಶಿವಭಕ್ತಿಯನ್ನು ಮುಂದಿಟ್ಟು, ಬೋಧಿಸತ್ವನನ್ನೂ ಶಿವನನ್ನೂ ಒಟ್ಟಿಗೆ ಆರಾಧಿಸಿದ ಪಂಥವನ್ನು ಇಲ್ಲಿ ಕಂಡರು. ದೇವಸ್ಥಾನದ ಮೇಲಿನ ಗುಡ್ಡೆಯಲ್ಲಿ ನಾಥಪಂಥದ ಜೋಗಿ ಮಠ ಇವತ್ತಿಗೂ ಇದೆ, ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಜೋಗಿಗಳು ನಡೆದು ಬಂದು ಮಠಕ್ಕೆ ಹೊಸ ಅರಸನನ್ನು ಕೂರಿಸುತ್ತಾರೆ. ಹಾಗಿರುವಾಗ ಈ ಚರ್ಚೆ ಮುಗಿಯಿತೆಂದು ಹೇಗೆ ಹೇಳುವುದು? ಕಳೆದ ವರ್ಷ ಕಾಲೇಜು ಹುಡುಗಿಯೊಬ್ಬಳು ಇದನ್ನೇ ಕೇಳಿದಾಗ ಜಗಲಿಯಲ್ಲಿದ್ದವರೊಬ್ಬರು "ಅದೆಲ್ಲ ದೊಡ್ಡವರು ಬರೆದು ಆಗಿದೆ, ಓದಿಕೊ" ಎಂದುಬಿಟ್ಟರು. ಅವಳ ಮುಖ ಸಣ್ಣದಾಯಿತು. ನನಗೆ ಸಂಕಟವಾಯಿತು. ಓದಿಕೊ ಎನ್ನುವುದು ತಪ್ಪಲ್ಲ. ಎಲ್ಲಿ, ಯಾವ ಪುಸ್ತಕದಲ್ಲಿ ಎಂದು ಹೇಳಿ ಕಳಿಸದಿರುವುದು ಅಗೌರವ.

ಎತ್ತಬಾರದ ಮಾತುಗಳೂ ಇವೆ. ಮದುವೆಯ ಪಂಕ್ತಿಯಲ್ಲಿ ಅನ್ನಕ್ಕೆ ಸಾರು ಬಿದ್ದ ಹೊತ್ತಿಗೆ ಪಾಲುಪಟ್ಟಿಯ ವಿಷಯ ತೆಗೆಯುವ ದಾಯಾದಿಗಳನ್ನು ನೀವೂ ನೋಡಿರುತ್ತೀರಿ. ಉತ್ತರ ಹೇಳಬೇಕಾದವರು ತೀರಿಕೊಂಡ ಮೇಲೆ ಅವರ ಮಕ್ಕಳ ಮುಂದೆ ಅವರ ತಪ್ಪನ್ನು ಎತ್ತುವವರನ್ನು ನಾನು ಕ್ಷಮಿಸಲಾರೆ. ಆದರೆ ಒಂದು ವಿಷಯ ಹಳತೋ ಅಲ್ಲವೋ ಎಂದು ಕ್ಯಾಲೆಂಡರ್ ನೋಡಿ ಹೇಳಬಾರದು, ಅದು ಇವತ್ತು ಯಾರನ್ನು ತಟ್ಟುತ್ತಿದೆ ಎಂದು ನೋಡಬೇಕು. ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ, ಚಂದ್ರಗಿರಿ ಹೊಳೆಯಿಂದ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಆ ಮಾತು ಬಂದಾಗೆಲ್ಲ "ಓ, ಪುನಃ ಅದಾ" ಎನ್ನುವವರು ನಮ್ಮಲ್ಲೇ ಉಂಟು. ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಳ್ಳುವವರೆಗೂ ಆ ಮಾತನ್ನು ಬಿಡಲಿಲ್ಲ. ಅಲ್ಲಿನ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದು ಕೂತಾಗ ಬೆಂಚಿನ ಮೇಲಿರುವ ಮಗುವಿಗೆ ಅದು ಇವತ್ತಿನ ಬೆಳಗ್ಗಿನ ವಿಷಯ.

ಈ ಸಲದ ಮಳೆಗಾಲಕ್ಕೆ ನಿಮ್ಮಲ್ಲಿ ಒಂದೇ ಬೇಡಿಕೆ. ಎಂದೋ ಅರ್ಧಕ್ಕೆ ನಿಂತ ಮಾತೊಂದು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಆವತ್ತು ಯಾರು ಏನು ಹೇಳಿದ್ದರೆಂದು ನೆನಪಿಸಿಕೊಂಡು, ಅವರಲ್ಲಿ ಇರುವವರನ್ನು ಕರೆದು ಕೂರಿಸಿ, ಈಗ ನಿಮಗೆ ಸಿಕ್ಕಿದ ಹೊಸ ಸಂಗತಿಯನ್ನು ಹೇಳಿ. ಲೋಕೇಶ್ವರನ ವಿಷಯವಾದರೆ ನಮ್ಮ ಜಗಲಿಗೇ ಬನ್ನಿ. ಆ ಹುಡುಗಿಗೂ ಹೇಳಿ ಕಳಿಸುತ್ತೇನೆ.