ಕಲಬುರಗಿ ಬಿಸಿಲಿನವರು ಮಂಗಳೂರು ಸೆಕೆಯಲ್ಲಿ

ಕಲಬುರಗಿಯವರ ಮುಂದೆ ಬಿಸಿಲಿನ ಮಾತು ಎತ್ತಬಾರದು. ಮೇ ತಿಂಗಳಲ್ಲಿ ಪಾದರಸ 43 ಮುಟ್ಟಿದರೂ ತಲೆಗೊಂದು ಟವೆಲ್ ಸುತ್ತಿಕೊಂಡು ಸಂತೆ ಮುಗಿಸಿ ಬರುವ ಜನ ನಾವು. ಏಪ್ರಿಲ್ ಕೊನೆಯಲ್ಲಿ ಮಂಗಳೂರಿಗೆ ಹೊರಟಾಗ ನಮ್ಮ ಮನೆಯವರು ಮೊಬೈಲ್ ನೋಡಿ, "ಬರೇ 34 ಐತಿ, ನಮ್ ಕಡಿ ಇದು ಚಳಿಗಾಲ" ಎಂದರು. ಹಂಪನಕಟ್ಟೆಯಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮೂರ ಬಿಸಿಲು ಬೆವರನ್ನು ಮೂಡುವಾಗಲೇ ಕುಡಿದುಬಿಡುತ್ತದೆ. ಇಲ್ಲಿಯ ಗಾಳಿಗೆ ಕಡಲ ನೀರು ಕುಡಿದೇ ಹೊಟ್ಟೆ ತುಂಬಿದೆ, ನಮ್ಮ ಬೆವರು ಅದಕ್ಕೆ ಬೇಕಿಲ್ಲ. "ಇದು ಬಿಸಲಲ್ಲ, ನಮ್ಮನ್ನ ಉಗಿಯಾಗ ಇಟ್ಟಾರ" ಎಂದು ಇವರು ಗೊಣಗಿದ್ದಕ್ಕೆ ಆಟೋದವನು ಹಿಂದೆ ತಿರುಗಿ ನಕ್ಕ. "ಸೆಕೆ ಮಾರಾಯ್ರೆ, ಎಂತ ಮಾಡುವುದು! ಬೆಳಿಗ್ಗೆ ಗುಡ್ಡ ನೋಡಿ, ಮಧ್ಯಾಹ್ನ ಮೀನು ತಿನ್ನಿ, ಸಂಜೆ ಕಡಲಿಗೆ ಹೋಗಿ." ಎಷ್ಟೋ ದುಡ್ಡು ಕೊಟ್ಟು ಕೊಳ್ಳುವ ಪ್ರವಾಸಿ ಪುಸ್ತಕಗಳಲ್ಲೂ ಇಷ್ಟು ಒಳ್ಳೆಯ ಸಲಹೆ ಸಿಗುವುದಿಲ್ಲ. ನಾವು ಅದನ್ನೇ ಪಾಲಿಸಿದೆವು.

ಬೆಳಗಿನ ತಿಂಡಿಗೆ ಬನ್ಸ್. ಹಣ್ಣಾಗಿ ಕಪ್ಪಿಟ್ಟ ಬಾಳೆಹಣ್ಣು, ಮೈದಾ, ಮೊಸರು, ಚೂರು ಜೀರಿಗೆ ಕಲಸಿ ರಾತ್ರಿಯಿಡೀ ಬಿಟ್ಟು, ಪೂರಿಯಂತೆ ಲಟ್ಟಿಸಿ ಕರಿದದ್ದು. ಸಿಹಿ ಬನ್ಸಿಗೆ ಖಾರದ ಕಾಯಿಚಟ್ನಿ! ಇವರು ಮೊದಲು ಅನುಮಾನದಿಂದ ಮುರಿದು ನೋಡಿದರು, ಆಮೇಲೆ ನನ್ನ ತಟ್ಟೆಯ ಕಡೆ ನೋಡಿದರು.

ಗುಡ್ಡವೆಂದರೆ ಕದ್ರಿ. ಮಂಜುನಾಥನ ಗುಡಿಯ ಮೇಲ್ಗಡೆ ಕೆರೆಗಳಿವೆ, ಗೋಮುಖದಿಂದ ನೀರು ಬೀಳುತ್ತದೆ, ಕಾಲಿಟ್ಟರೆ ತಣ್ಣಗೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಡಿಯೊಳಗಿನ ಲೋಕೇಶ್ವರ. ಮೂರು ಮುಖ, ಆರು ಕೈ, ಕಂಚಿನ ಮೈ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಇದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಮೇಲಿನ ಶಾಸನವೇ ಹೇಳುತ್ತದೆ. ಮಳಖೇಡದಲ್ಲಿ ನಮ್ಮ ರಾಷ್ಟ್ರಕೂಟರ ಕೊನೆಯ ದಿನಗಳು ನಡೆಯುತ್ತಿದ್ದ ಹೊತ್ತಿಗೆ ಇಲ್ಲೊಬ್ಬ ಎರಕದವನು ಈ ಮುಖಗಳ ಮೇಲೆ ಇಂಥ ಶಾಂತಿಯನ್ನು ಕೂಡಿಸುತ್ತಿದ್ದ. ಪಕ್ಕದಲ್ಲಿ ಜನ ಮಂಜುನಾಥನಿಗೆ ಸೀಯಾಳ ಒಪ್ಪಿಸಿ ಹೋಗುತ್ತಾರೆ. ಬೌದ್ಧ ಚಹರೆಯ ಈ ದೇವರು ಅದೇ ಅಂಗಳದಲ್ಲಿ ನೆಮ್ಮದಿಯಾಗಿದ್ದಾನೆ. ಇವನು ಬೌದ್ಧನೋ ಶೈವನೋ ಎಂಬ ಪಂಡಿತರ ಜಗಳ ಏನೇ ಇರಲಿ, ಅವನಿಗೇನೂ ತಕರಾರಿದ್ದಂತೆ ಕಾಣಲಿಲ್ಲ.

ಈ ಊರಿನ ಲೋಹದ ಕೈಚಳಕಕ್ಕೆ ಇನ್ನೊಂದು ಸಾಕ್ಷಿ ಇದೆ, ಅದು ಸಿಕ್ಕಿದ್ದು ಈಜಿಪ್ಟಿನಲ್ಲಿ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಷಿಯಾದವನು. ಏಡನ್ ಮಾರ್ಗವಾಗಿ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿಗೆ ಬಂದು ಇಲ್ಲೊಂದು ಹಿತ್ತಾಳೆ ಕಾರ್ಖಾನೆ ಇಟ್ಟಿದ್ದ. ಏಡನ್ನಿನ ಗೆಳೆಯರು ಒಡೆದ ಪಾತ್ರೆ, ತಾಮ್ರ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಜೊತೆಗೆ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ಇಲ್ಲಿಂದ ಅಡಿಕೆ, ಮೆಣಸು ಹೋಗುತ್ತಿತ್ತು. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳೇ ಅವನ ಮಕ್ಕಳ ತಾಯಿ ಎಂಬುದು ವಿದ್ವಾಂಸರ ಅಂದಾಜು. ಆ ಕಾಗದಗಳು ಕೈರೋದ ಸಿನಗಾಗಿನ ಕತ್ತಲೆ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಲೇಖಕ ಅಮಿತಾವ್ ಘೋಷ್ ಅವನ್ನು ಬೆನ್ನುಹತ್ತಿ ಮಂಗಳೂರಿನವರೆಗೂ ಬಂದು, 1992ರಲ್ಲಿ ಪ್ರಕಟವಾದ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಬರೆದರು. ಈ ಕತೆಯನ್ನು ನಾನು ಇವರಿಗೆ ಎಳನೀರು ಮಾರುವ ಬೊಂಡದಂಗಡಿಯ ನೆರಳಲ್ಲಿ ಹೇಳಿದೆ. "ಟ್ಯುನೀಷಿಯಾದಾಂವ ಈ ಸೆಕಿ ಹ್ಯಾಂಗ ತಡಕೊಂಡ?" ಇವರ ಪ್ರಶ್ನೆ ಅಷ್ಟೇ. ಅವನು ಹದಿನೇಳು ವರ್ಷದಷ್ಟು ಇಲ್ಲಿದ್ದನೆಂದೆ. ಇವರು ಇನ್ನೊಂದು ಬೊಂಡ ಕೆತ್ತಲು ಹೇಳಿದರು.

ಸೆಕೆ ತಡೆದುಕೊಂಡವನು ಅವನೊಬ್ಬನೇ ಅಲ್ಲ. ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೊರಗಿನಿಂದ ಅಂಥ ವಿಶೇಷವೇನಿಲ್ಲ. ಒಳಗೆ ಕಾಲಿಟ್ಟು ಕಣ್ಣು ನೆರಳಿಗೆ ಹೊಂದಿಕೊಂಡ ಮೇಲೆ ಉಸಿರು ನಿಲ್ಲುತ್ತದೆ. ಗೋಡೆ, ಕಮಾನು, ಛಾವಣಿ, ಒಂದು ಮೊಳ ಜಾಗವೂ ಬರಿದಿಲ್ಲ. ಎಲ್ಲವೂ ಆಂಟೋನಿಯೊ ಮೊಸ್ಕೆನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್‌ನ ಕೆಲಸ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರ್ಗಮೊ ಸೀಮೆಯಿಂದ ಬಂದು, ಕೆಲವೇ ವರ್ಷಗಳಲ್ಲಿ ಎಂಟುನೂರು ಚದರ ಮೀಟರಿಗೂ ಹೆಚ್ಚು ಜಾಗ ತುಂಬಿಸಿದ. ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಗೋಡೆಯವು ಫ್ರೆಸ್ಕೊ, ಅಂದರೆ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಒಂದು ದಿನಕ್ಕೆ ಎಷ್ಟು ಮುಗಿಸಬಲ್ಲೆನೋ ಅಷ್ಟೇ ಗಾರೆ ಬಳಿದುಕೊಳ್ಳಬೇಕು, ತಪ್ಪಿದರೆ ಕೆರೆದು ತೆಗೆಯಬೇಕು. ಈ ಸೆಕೆಯಲ್ಲಿ, ಅಟ್ಟಣೆಯ ಮೇಲೆ, ಹೆಂಚಿನ ಮಾಡಿನ ಕೆಳಗೆ ನಿಂತು ಕುಂಚ ಹಿಡಿದವನ ಹಣೆಯಿಂದ ಗಾರೆಗೆ ಎಷ್ಟು ಹನಿ ಉದುರಿರಬಹುದು! ಮೇಲಿನ ಚಿತ್ರಗಳಲ್ಲಿ ಅಲೋಶಿಯಸ್ ಗೊನ್ಜಾಗನ ಬದುಕು. ಸಿರಿವಂತ ಮನೆತನದ ಹುಡುಗ, ಎಲ್ಲ ಬಿಟ್ಟು ರೋಮಿನಲ್ಲಿ ಪ್ಲೇಗಿನವರ ಸೇವೆಗೆ ನಿಂತು, 1591ರಲ್ಲಿ ಇಪ್ಪತ್ತಮೂರಕ್ಕೇ ತೀರಿಕೊಂಡವನು. ಕತ್ತು ನೋಯುವವರೆಗೂ ನೋಡಿದೆವು. ಮೊಸ್ಕೆನಿ ಊರಿಗೆ ಮರಳಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ಸತ್ತ. ಫ್ಯಾನಿನ ಕೆಳಗಿನ ಬೆಂಚಿಗಾಗಿ ಒಳಹೊಕ್ಕಿದ್ದ ನಮ್ಮ ಮನೆಯವರು ಕೊನೆಗೆ ಹೊರಡಲು ಒಲ್ಲೆನೆಂದರು.

ಹೊಟ್ಟೆ ಮಾತ್ರ ಕೇಳಬೇಕಲ್ಲ. ಬಂದರಿನ ಕಡೆಯ ಒಂದು ಸಣ್ಣ ಊಟದ ಮನೆಯಲ್ಲಿ ಜನ ಬಾಗಿಲವರೆಗೂ ನಿಂತಿದ್ದರು. ಮೆನು ಕಾರ್ಡಿಲ್ಲ. ಹುಡುಗ ದೊಡ್ಡ ತಟ್ಟೆಯಲ್ಲಿ ಮಸಾಲೆ ಹಚ್ಚಿದ ಹಸಿ ಮೀನುಗಳನ್ನೇ ತಂದು ತೋರಿಸಿದ. "ಕಾಣೆ ಉಂಟು, ಅಂಜಲ್ ಉಂಟು, ಮಾಂಜಿ ಉಂಟು. ಬಂಗುಡೆ ಪುಳಿಮುಂಚಿ ಬೇಕಾ?" ಭೀಮಾ ನದಿಯ ಮೀನು ಬಿಟ್ಟು ಬೇರೆ ಕಾಣದ ನಾವು ಮದುವೆ ಸೀರೆ ಆರಿಸುವವರ ಹಾಗೆ ಬೆರಳು ತೋರಿಸುತ್ತ ಕೂತೆವು. ಕಾಣೆ ಬಂತು, ಉದ್ದಕ್ಕೆ, ಕೆಂಪಗೆ, ಕಾವಲಿಯ ಸದ್ದು ಇನ್ನೂ ಮೈಯಲ್ಲಿಟ್ಟುಕೊಂಡು. ನಡುಮುಳ್ಳು ಒಂದೇ, ಎಳೆದರೆ ಪೂರ್ತಿ ಈಚೆ ಬರುತ್ತದೆ, ಉಳಿದದ್ದೆಲ್ಲ ಬೆಣ್ಣೆ. ಜೊತೆಗೆ ದಪ್ಪ ಕುಚ್ಚಲಕ್ಕಿ ಅನ್ನ, ಕಾಯಿ ಅರೆದ ಸಾರು. ಆ ಕೆಂಪಿನ ಗುಟ್ಟೇನೆಂದು ಕೇಳಿದರೆ ಹುಡುಗ, "ಬ್ಯಾಡಗಿ ಮೆಣಸು" ಎಂದ. ಇವರ ಮುಖ ಅರಳಿತು. ಬ್ಯಾಡಗಿ ಹಾವೇರಿ ಜಿಲ್ಲೆಯದು, ಖಾರಕ್ಕಿಂತ ಬಣ್ಣ ಹೆಚ್ಚು. "ಅಂದ್ರ ಅರ್ಧಾ ಅಡಗಿ ನಮ್ ಕಡೀದು!" ಎಂದು ಪಕ್ಕದ ಮೇಜಿನವರಿಗೂ ಕೇಳುವಂತೆ ಘೋಷಿಸಿದರು. ಪಕ್ಕದವರು ಒಪ್ಪಿಕೊಂಡು, ಉಳಿದರ್ಧಕ್ಕೆ ಕಡಲಿಗೆ ಬಿಲ್ ಕೊಡಿ ಎಂದರು.

ಮರುದಿನ ಕೋರಿರೊಟ್ಟಿಯ ಮುಂದೆ ಕೂತಾಗ ಈ ಅಭಿಮಾನ ಇನ್ನೂ ಏರಿತು. ಗರಿಗರಿ ಅಕ್ಕಿರೊಟ್ಟಿ, ಮೇಲೆ ಸುರಿಯುವ ಕೋಳಿ ಗಸಿ. ನಮ್ಮ ಖಟಕ್ ಜೋಳದ ರೊಟ್ಟಿಯ ಕಡಲತಡಿಯ ತಂಗಿ ಇದು. ಇವರು ತಿಂಗಳಾದರೂ ಕೆಡದ ರೊಟ್ಟಿಯ ವಿಷಯದಲ್ಲಿ ಮಾತಾಡುವ ಹಕ್ಕು ತಮಗಿದೆಯೆಂದು ಅಡುಗೆಮನೆಯವರೆಗೂ ಹೋಗಿ ಬಂದರು. ನಾನು ಪುನರ್ಪುಳಿ ಶರಬತ್ತು ಕುಡಿಯುತ್ತ ಕೂತಿದ್ದೆ. ಆ ಗುಲಾಬಿ ಹುಳಿ ಗಂಟಲಿಗಿಳಿದಾಗ ಸೆಕೆಯೂ ಸಹ್ಯ.

ಕುದ್ರೋಳಿ, ಮಂಗಳಾದೇವಿ ಗುಡಿಗಳು, ಪಣಂಬೂರು ಕಡಲತೀರ ಎಲ್ಲ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಬೀದಿಗಳೇ ಸೋಜಿಗ. ಶಹಾಬಾದ್ ಚಪ್ಪಡಿಯ ಸಪಾಟು ಮಾಳಿಗೆ ನೋಡಿ ಬೆಳೆದ ಕಣ್ಣಿಗೆ ಇಳಿಜಾರು ಕೆಂಪು ಮಾಡುಗಳು ಹಬ್ಬ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು; ನೇತ್ರಾವತಿ ದಂಡೆಯ ಜೇಡಿಮಣ್ಣು ಮಂಗಳೂರು ಹೆಂಚಾಗಿ ಹಡಗು ಹತ್ತಿ ಆಫ್ರಿಕದವರೆಗೂ ಹೋಯಿತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟದ್ದೂ ಇಲ್ಲೇ. ಜರ್ಮನಿಯವನು, ಇಟಲಿಯವನು, ಟ್ಯುನೀಷಿಯಾದವನು! ಬೆವರೊರೆಸಿಕೊಳ್ಳುತ್ತಲೇ ಇಷ್ಟು ಕೆಲಸ ಮಾಡಿಸಿಕೊಂಡ ಊರು ಇದು.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರು ಹಡಗುಗಳು ಗುರುಪುರ ನದಿಗೆ ನುಗ್ಗದಂತೆ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲುಕೋಟೆ. ಬಂದೂಕಿನ ಕಿಂಡಿಗಳಿಂದ ಈಗ ಕಾಲೇಜಿನ ಹುಡುಗರು ಸೆಲ್ಫಿ ತೆಗೆಯುತ್ತಾರೆ. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ. ಗಾಳಿಮರಗಳನ್ನು ಹಾದು ಹೋದರೆ ಇದ್ದಕ್ಕಿದ್ದಂತೆ ಅರಬ್ಬಿ ಸಮುದ್ರ. ಇವರು ಪ್ಯಾಂಟು ಮಡಚಿಕೊಂಡು ಮೊಳಕಾಲುದ್ದ ನೀರಿಗಿಳಿದು ನಿಂತವರು ಬಹಳ ಹೊತ್ತು ಮಾತೇ ಆಡಲಿಲ್ಲ. ಮದುವೆಯಾದಂದಿನಿಂದ ಇದು ಅಪರೂಪ.

ರಾತ್ರಿ ಮಾರ್ಕೆಟ್ ರಸ್ತೆಯ ಐಡಿಯಲ್. 1975ರಿಂದ ಊರಿಗೆ ಊರೇ ಇಲ್ಲಿ ಸಾಲುಗಟ್ಟುತ್ತಿದೆ. ಎತ್ತರದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಬಗೆಬಗೆಯ ಐಸ್‌ಕ್ರೀಮು ಒಂದರ ಮೇಲೊಂದು. ಅದೇ ಗಡ್‌ಬಡ್. ಉದ್ದ ಚಮಚ ತಳಕ್ಕಿಳಿಸಿ ಎತ್ತಿದರೆ ಪ್ರತಿ ಸಲವೂ ಬೇರೆ ರುಚಿ. ಎದುರಿಗೆ ಕೂತ ಅಜ್ಜಿಯೊಬ್ಬರು ಮೊಮ್ಮಗನೊಂದಿಗೆ ಕೊಂಕಣಿಯಲ್ಲೂ ಅಂಗಡಿಯ ಹುಡುಗನೊಂದಿಗೆ ತುಳುವಿನಲ್ಲೂ ಮಾತಾಡುತ್ತಿದ್ದವರು ನಮ್ಮ ಕಡೆ ತಿರುಗಿ ಅಚ್ಚ ಪುಸ್ತಕದ ಕನ್ನಡದಲ್ಲಿ, "ನೀವು ಎಲ್ಲಿಂದ ಬಂದದ್ದು?" ಎಂದರು. ಕಲಬುರಗಿ ಎಂದೆವು. ಮತ್ತೆ ಬರುವುದಾದರೆ ಜೂನ್, ಜುಲೈ ಬೇಡ, ಆಗ ಬೋಟುಗಳು ಕಡಲಿಗಿಳಿಯುವುದಿಲ್ಲ, ತಾಜಾ ಮೀನು ಕಷ್ಟ ಎಂದು ಎಚ್ಚರಿಸಿದರು. ನಮ್ಮ ಮನೆಯವರು ಚಮಚ ಬಾಯಲ್ಲಿಟ್ಟುಕೊಂಡೇ ಮೊಬೈಲ್ ತೆಗೆದು ಆಗಸ್ಟ್ ಪುಟದಲ್ಲಿ 'ಕಾಣೆ' ಎಂದು ಬರೆದುಕೊಂಡರು.